ಆಟದ ಪೀರಿಯಡ್‌ನಲ್ಲಿ ಕುಣಿತಕ್ಕೂ ಜಾಗ ಸಿಗಲಿ

ಸ್ಕೂಲ್ ಡೇ ಹತ್ತಿರ ಬಂದಂತೆ ನಮ್ಮ ಕರಾವಳಿಯ ಶಾಲೆಗಳಲ್ಲಿ ಡ್ಯಾನ್ಸ್ ಮಾಸ್ಟರರಿಗೆ ಬೇಡಿಕೆ ಹೆಚ್ಚುತ್ತದೆ. ಸಿನಿಮಾ ಹಾಡಿಗೆ ಕೆಲವು ದಿನ ಸ್ಟೆಪ್ಪು ಕಲಿಸಲಾಗುತ್ತದೆ. ಚೆನ್ನಾಗಿ ಕುಣಿಯುವ ಹತ್ತಿಪ್ಪತ್ತು ಮಕ್ಕಳು ವೇದಿಕೆ ಏರುತ್ತಾರೆ, ಉಳಿದವರು ಕೆಳಗೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಮರುದಿನದಿಂದ ಶಾಲೆಯಲ್ಲಿ ನೃತ್ಯದ ಮಾತೇ ಇಲ್ಲ. ನೃತ್ಯವೆಂದರೆ ಇಷ್ಟೇ ಏನು?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರ ಎಂಬ ಕಟ್ಟುನಿಟ್ಟಾದ ವಿಭಜನೆ ಬೇಡವೆಂದಿತು. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಕಲೆ ಮತ್ತು ದೈಹಿಕ ಶಿಕ್ಷಣ ಎಲ್ಲ ಮಕ್ಕಳಿಗೂ ಬೇಕೆಂಬ ಮಾತಿಗೆ ಯಾರ ತಕರಾರೂ ಇರಲಾರದು.

ಸೃಜನಶೀಲ ನೃತ್ಯ ಎಂದರೇನು?

ಇದರಲ್ಲಿ ಶಿಕ್ಷಕರು ಸ್ಟೆಪ್ಪು ಹೇಳಿಕೊಡುವುದಿಲ್ಲ, ಪ್ರಶ್ನೆ ಕೊಡುತ್ತಾರೆ. ರಂಪಣಿ ಬಲೆ ಎಳೆಯುವಾಗ ಮೈ ಹೇಗೆ ಬಾಗುತ್ತದೆ? ಭಾರವಾದ ಬಲೆಗೂ ಖಾಲಿ ಬಲೆಗೂ ನಡಿಗೆಯಲ್ಲಿ ವ್ಯತ್ಯಾಸವೇನು? ಮಕ್ಕಳು ಮೈಯಿಂದಲೇ ಉತ್ತರ ಹುಡುಕುತ್ತಾರೆ. ನಾಲ್ಕೈದು ಮಂದಿ ಸೇರಿ ಚಿಕ್ಕ ಕುಣಿತವೊಂದನ್ನು ಕಟ್ಟುತ್ತಾರೆ, ಇನ್ನೊಂದು ಗುಂಪಿನದ್ದನ್ನು ನೋಡಿ ಅಭಿಪ್ರಾಯ ಹೇಳುತ್ತಾರೆ.

ಈ ವಿಧಾನಕ್ಕೆ ಬುನಾದಿ ಹಾಕಿದವರಲ್ಲಿ ರುಡಾಲ್ಫ್ ಲಾಬಾನ್ ಪ್ರಮುಖರು. ಶಾಲಾ ನೃತ್ಯದ ಬಗ್ಗೆ ಅವರ ಪುಸ್ತಕ 1948ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಭಾರ, ಕಾಲ, ಸ್ಥಳ, ಹರಿವು ಎಂಬ ನಾಲ್ಕು ಅಂಶಗಳಲ್ಲಿ ಅವರು ಚಲನೆಯನ್ನು ವಿವರಿಸಿದರು. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಂದಿಗೂ ನೃತ್ಯವು ದೈಹಿಕ ಶಿಕ್ಷಣದ ಒಂದು ಭಾಗ. ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಅದು ಇದೆ.

ನಮಗೇಕೆ ಬೇಕು?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ. 85, ಹುಡುಗರಲ್ಲಿ ಶೇ. 78 ಮಂದಿಗೆ ಅಷ್ಟು ಚಟುವಟಿಕೆ ಇಲ್ಲ. ನಮ್ಮ ಶಾಲೆಗಳ ಮೈದಾನದಲ್ಲೂ ಹುಡುಗರು ವಾಲಿಬಾಲ್ ಆಡುವಾಗ ಹೆಚ್ಚಿನ ಹುಡುಗಿಯರು ಮರದಡಿ ಕುಳಿತಿರುವುದನ್ನು ಕಾಣುತ್ತೇವೆ. ತಂಡಕ್ಕೆ ಆಯ್ಕೆಯಾಗದ ಮಗುವಿಗೂ, ಅಂಗವೈಕಲ್ಯವಿರುವ ಮಗುವಿಗೂ ಇಂಥ ನೃತ್ಯದಲ್ಲಿ ಪಾಲಿದೆ. ಇಲ್ಲಿ ಸೋಲು ಗೆಲುವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನದಲ್ಲಿ ನೀರು ನಿಂತು ಆಟದ ಪೀರಿಯಡ್ ಗಣಿತದ ಪಾಲಾಗುವ ನಮ್ಮ ಕರಾವಳಿಗೆ, ಹಾಲ್‌ನಲ್ಲಿ ಒಂದು ಡೋಲು ಇಟ್ಟುಕೊಂಡು ನಡೆಸಬಹುದಾದ ಪಾಠ ಹೇಳಿ ಮಾಡಿಸಿದಂತಿದೆ.

ಅಡ್ಡಿಗಳು

ಮೊದಲ ಅಡ್ಡಿ ತರಬೇತಿಯದು. ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು ಹೆಚ್ಚಾಗಿ ಅಥ್ಲೆಟಿಕ್ಸ್ ಮತ್ತು ಆಟೋಟಗಳಲ್ಲಿ ಪಳಗಿದವರು. ಒಮ್ಮೆಲೇ ನೃತ್ಯ ಕಲಿಸಿ ಎಂದರೆ ಅವರಿಗೆ ಅನ್ಯಾಯ. ಎರಡನೆಯದು ಕಾನೂನಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ, 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ ಹಾಗೂ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರಲ್ಲಿ ತೀರ್ಪಿತ್ತಿತು. 2025ರಲ್ಲಿ ಆ ತೀರ್ಪಿನ ಬಗ್ಗೆ ಅದೇ ನ್ಯಾಯಾಲಯದಲ್ಲಿ ಪ್ರಶ್ನೆ ಎದ್ದಿದೆ. ತೀರ್ಪು ಏನೇ ಇರಲಿ, ವಿನಾಯಿತಿ ಸಿಕ್ಕಿತೆಂದು ಮಕ್ಕಳ ಪಾಲನ್ನು ಕಡಿತ ಮಾಡುವುದು ನಮ್ಮ ಸಂಸ್ಥೆಗಳಿಗೆ ಶೋಭೆಯಲ್ಲ.

ಮೂರನೆಯದು ಹೆತ್ತವರ ಅಳುಕು. ಕುಣಿತದಿಂದ ಶಿಸ್ತು ಕೆಡುವುದೆಂದು ಕೆಲವರಿಗೆ ಅನಿಸುತ್ತದೆ. ಆದರೆ ಚಿಕ್ಕ ಮಕ್ಕಳಿಗೆ ಹೊಂದದ ಸಿನಿಮಾ ಹಾಡಿಗೆ ಕುಣಿಸುವುದಕ್ಕಿಂತ ಅವರವರ ವಯಸ್ಸಿಗೆ ತಕ್ಕ ಚಲನೆ ಕಲಿಸುವುದೇ ಹೆಚ್ಚು ಶಿಸ್ತಿನದು. ದಾವೀದನು ದೇವರ ಮಂಜೂಷದ ಮುಂದೆ ಕುಣಿದದ್ದನ್ನು ಪವಿತ್ರ ಗ್ರಂಥ ಹೇಳುತ್ತದೆ. ಮಕ್ಕಳ ದೈಹಿಕ, ನೈತಿಕ ಮತ್ತು ಬೌದ್ಧಿಕ ಶಕ್ತಿಗಳು ಸಮರಸವಾಗಿ ಬೆಳೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ 1965ರ ಶಿಕ್ಷಣ ಘೋಷಣೆ ತಿಳಿಸಿದೆ. ಸಂತ ಜಾನ್ ಬೋಸ್ಕೊ ಯುವಕರನ್ನು ಆಟ, ಸಂಗೀತ, ನಾಟಕಗಳ ಮೂಲಕವೇ ಒಲಿಸಿಕೊಂಡರು.

ಏನು ಮಾಡಬಹುದು?

ಶಾಲಾ ಸಂಚಾಲಕರು ಮನಸ್ಸು ಮಾಡಿದರೆ ದೊಡ್ಡ ಖರ್ಚಿಲ್ಲ. ಮಳೆಗಾಲದಲ್ಲಿ ವಾರಕ್ಕೊಂದು ಪೀರಿಯಡ್ ಇದಕ್ಕೆ ಮೀಸಲಿಡಲಿ. ಬೇಸಿಗೆ ರಜೆಯಲ್ಲಿ ಐದಾರು ಶಾಲೆಗಳು ಒಟ್ಟು ಸೇರಿ ಶಿಕ್ಷಕರಿಗೆ ಕಾರ್ಯಾಗಾರ ನಡೆಸಲಿ. ಗುಮಟೆ ಬಾರಿಸಬಲ್ಲ ಹಿರಿಯರು ನಮ್ಮ ವಾಳೆಗಳಲ್ಲಿದ್ದಾರೆ, ಅವರನ್ನು ಶಾಲೆಗೆ ಕರೆಯೋಣ. ಅಂಕ ಕೊಡುವುದಾದರೆ ಚಂದಕ್ಕಲ್ಲ, ಪ್ರಯತ್ನಕ್ಕೆ ಮತ್ತು ಜೊತೆಗಾರರೊಡನೆ ಹೊಂದಿಕೊಂಡದ್ದಕ್ಕೆ ಕೊಡಲಿ.

ಆಟೋಟಗಳನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅವುಗಳ ಜೊತೆಗೆ ಇದೂ ಇರಲಿ. ಮುಂದಿನ ಶಿಕ್ಷಕ-ರಕ್ಷಕ ಸಭೆಯಲ್ಲಿ ಅಂಕಪಟ್ಟಿಯ ವಿಚಾರ ಮುಗಿದ ಮೇಲೆ, ನಮ್ಮ ಮಕ್ಕಳು ವಾರದಲ್ಲಿ ಎಷ್ಟು ಹೊತ್ತು ಮೈ ಆಡಿಸುತ್ತಾರೆ ಎಂಬುದನ್ನೂ ಕೇಳೋಣ.