ನೆಂಟರ ಪಟ್ಟಿ ನೋಡಿದರೆ ದೇಶ ಕಾದಂತಾಯಿತೆ?

ಸೇನೆಗೆ ಸೇತುವೆ, ಕ್ಷಿಪಣಿ ಲಾಂಚರುಗಳನ್ನು ರೂಪಿಸುವ ಡಿಆರ್‌ಡಿಒ ಪ್ರಯೋಗಾಲಯವೊಂದು ಪುಣೆಯ ದಿಘಿಯಲ್ಲಿದೆ. ಅದರ ನಿರ್ದೇಶಕರಾಗಿದ್ದ ಪ್ರದೀಪ್ ಕುರುಲ್ಕರ್ ಅವರನ್ನು 2023ರ ಮೇ 3ರಂದು ಮಹಾರಾಷ್ಟ್ರದ ಭಯೋತ್ಪಾದನೆ ನಿಗ್ರಹ ದಳ (ಎಟಿಎಸ್) ಬಂಧಿಸಿತು. ‘ಝಾರಾ ದಾಸ್‌ಗುಪ್ತಾ’ ಎಂಬ ಹೆಸರಿನ ಮರೆಯಲ್ಲಿದ್ದ ಪಾಕಿಸ್ತಾನಿ ಬೇಹುಗಾರರಿಗೆ ರಹಸ್ಯ ಮಾಹಿತಿ ಕೊಟ್ಟರೆಂಬುದು ಆರೋಪ. ತೀರ್ಮಾನ ಕೋರ್ಟಿಗೆ ಬಿಟ್ಟದ್ದು. ನಾನು ಗಮನಿಸಿದ್ದು ಇಷ್ಟೆ: ಎಟಿಎಸ್ ಹೇಳುವ ಈ ಕತೆ ನಡೆಯುವುದೆಲ್ಲ ಮೊಬೈಲಿನಲ್ಲಿ. ವಿದೇಶಿ ಅಳಿಯನಾಗಲಿ ಗಡಿಯಾಚೆಯ ಚಿಕ್ಕಮ್ಮನಾಗಲಿ ಅದರಲ್ಲಿ ಪಾತ್ರಧಾರಿಗಳಲ್ಲ.

ಕೇಂದ್ರ ಸರ್ಕಾರದ ನೌಕರಿಗೆ ಸೇರುವವರ ಅಟೆಸ್ಟೇಷನ್ ಫಾರ್ಮಿನ ಕಣ್ಣಿರುವುದು ಮಾತ್ರ ಮನೆಯವರ ಮೇಲೆಯೇ. ಅಪ್ಪ ಅಮ್ಮ ಯಾವ ದೇಶದವರು, ಹುಟ್ಟಿದೂರು ಯಾವುದು, ಗಂಡ ಅಥವಾ ಹೆಂಡತಿ ಎಲ್ಲಿಯವರು, ಮಕ್ಕಳು ಹೊರದೇಶದಲ್ಲಿ ಓದುತ್ತಿದ್ದಾರೆಯೇ? ಕೇಳಲಿ, ತಪ್ಪಿಲ್ಲ. ವಿದೇಶಿ ಪ್ರಜೆಯನ್ನು ಮದುವೆಯಾದ ನೌಕರ ಕೂಡಲೇ ಸರ್ಕಾರಕ್ಕೆ ತಿಳಿಸಬೇಕೆಂದು 1964ರ ನಡತೆ ನಿಯಮಗಳೂ ಹೇಳುತ್ತವೆ. ಮುಚ್ಚಿಟ್ಟವನ ಮೇಲೆ ಕ್ರಮವಾಗಲಿ. ಆದರೆ ಹೇಳಿದವನನ್ನೇ ಅನುಮಾನಿಸಿ, ಕಾರಣ ತಿಳಿಸದೆ ಕಡತ ಅಟಕಾಯಿಸಿದರೆ, ಮುಂದಿನವನು ನಿಜ ಬರೆದಾನೆಯೇ?

ಪುಣೆಯಲ್ಲಿ ಕೂತು ಈ ಮಾತು ಹೇಳುವುದು ಸುಲಭ. ಪಿಂಪ್ರಿ ಕ್ಯಾಂಪಿನಲ್ಲಿ ನೆಲೆಸಿದ ಸಿಂಧಿ ಮನೆತನಗಳ ಹಿರಿಯರು ಹುಟ್ಟಿದ್ದು ಇಂದಿನ ಪಾಕಿಸ್ತಾನದಲ್ಲಿ. ಕೋಥರೂಡಿನಲ್ಲಿ ಅಮೆರಿಕದ ನಂಟಿಲ್ಲದ ಬಿಲ್ಡಿಂಗ್ ಹುಡುಕಬೇಕು. ಇಲ್ಲಿನ ಕನ್ನಡದ ಮನೆಗಳೂ ಅದಕ್ಕೆ ಹೊರತಲ್ಲ. ಖಡಕ್‌ವಾಸ್ಲಾದ ಸೇನಾ ಅಕಾಡೆಮಿ ಎನ್‌ಡಿಎಗೆ ಸೇರಲು ನೇಪಾಳದ ಪ್ರಜೆಗೂ ಅರ್ಹತೆಯಿದೆ. ನೇಪಾಳದಿಂದ ಬಂದ ಗೂರ್ಖಾ ಯೋಧನ ಹೆಂಡತಿ ಮಕ್ಕಳು, ಹೊಲ ಮನೆ ಎಲ್ಲ ಆಚೆಯೇ. ಅವನ ಕೈಗೆ ಬಂದೂಕು ಕೊಡಲು ನಾವು ಹಿಂಜರಿದಿಲ್ಲ.

ಇನ್ನೂ ದೊಡ್ಡ ಉದಾಹರಣೆ ಕೆ.ಆರ್. ನಾರಾಯಣನ್. ವಿದೇಶಾಂಗ ಸೇವೆಯಲ್ಲಿದ್ದಾಗ ಬರ್ಮಾದ ಮಾ ಟಿಂಟ್ ಟಿಂಟ್ ಅವರನ್ನು 1951ರಲ್ಲಿ ಮದುವೆಯಾದರು. ವಿದೇಶಿಯರನ್ನು ಮದುವೆಯಾಗಲು ಸೇವೆಯ ನಿಯಮ ಅಡ್ಡ ಬಂತು, ಪ್ರಧಾನಿ ನೆಹರು ವಿಶೇಷ ಅನುಮತಿ ಕೊಟ್ಟರು. ಆ ಅಧಿಕಾರಿ ಮುಂದೆ ಚೀನಾಕ್ಕೆ ರಾಯಭಾರಿಯಾದರು. 1997ರಲ್ಲಿ ರಾಷ್ಟ್ರಪತಿಯಾಗಿ ಮೂರೂ ಸೇನೆಗಳ ಮಹಾದಂಡನಾಯಕರಾದರು. ಆದರೆ ಪ್ರಧಾನಿಯ ಬಾಗಿಲು ತಟ್ಟುವ ಭಾಗ್ಯ ಎಷ್ಟು ಮಂದಿಗಿದೆ? ದೊಡ್ಡವರ ಕೃಪೆಯಿಂದ ದಕ್ಕುವುದನ್ನು ಅರ್ಹತೆ ಎನ್ನಲಾಗದು.

ಎದುರುವಾದದಲ್ಲೂ ಹುರುಳಿದೆ. ಶತ್ರುದೇಶದಲ್ಲಿರುವ ತಾಯಿಯನ್ನು ಬೆದರಿಸಿ ಇಲ್ಲಿನ ಮಗನನ್ನು ಬಗ್ಗಿಸುವುದು ಬೇಹುಗಾರಿಕೆಯ ಹಳೆಯ ವಿದ್ಯೆ. ಹಾಗಿದ್ದರೆ ತೂಗಿ ನೋಡಲಿ: ಯಾವ ದೇಶ, ಎಷ್ಟು ಹತ್ತಿರದ ಸಂಬಂಧ, ಹಣದ ವ್ಯವಹಾರವಿದೆಯೇ. ಟೊರಾಂಟೊದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನನ್ನೂ ಪರದೇಶದ ಸೇನೆಯಲ್ಲಿರುವ ಮಾವನನ್ನೂ ಒಂದೇ ತಕ್ಕಡಿಯಲ್ಲಿಡುವುದು ಎಚ್ಚರವಲ್ಲ, ಸೋಮಾರಿತನ. ಅಮೆರಿಕ ಇಂಥ ಮಾನದಂಡಗಳನ್ನು ಬರೆದು ಪ್ರಕಟಿಸಿದೆ. ಯಾವುದು ಅನುಮಾನಕ್ಕೆ ಎಡೆ, ಯಾವುದು ಅದನ್ನು ತಗ್ಗಿಸುತ್ತದೆ ಎಂಬುದೂ ಅದರಲ್ಲಿದೆ. ಭದ್ರತಾ ಕ್ಲಿಯರೆನ್ಸ್ ನಿರಾಕರಿಸಿದರೆ ಲಿಖಿತ ಕಾರಣ ಕೊಡಬೇಕು, ಮೇಲ್ಮನವಿಗೂ ದಾರಿಯಿದೆ. ಅಲ್ಲಿಯೂ ಎಲ್ಲ ಸರಿಯಿದೆ ಎಂದೇನಲ್ಲ. ಆದರೆ ಅರ್ಜಿದಾರನಿಗೆ ತನ್ನ ಮೇಲಿನ ಸಂಶಯ ಏನೆಂಬುದಾದರೂ ಗೊತ್ತಾಗುತ್ತದೆ.

ನಮ್ಮಲ್ಲೂ ಇದಕ್ಕೆ ಆಧಾರವಿದೆ. ಮೀಡಿಯಾ ಒನ್ ವಾಹಿನಿಗೆ ಭದ್ರತಾ ಕ್ಲಿಯರೆನ್ಸ್ ನಿರಾಕರಿಸಿದ ಪ್ರಕರಣದಲ್ಲಿ, ರಾಷ್ಟ್ರೀಯ ಭದ್ರತೆಯ ಹೆಸರೆತ್ತಿದ ಮಾತ್ರಕ್ಕೆ ಸಹಜ ನ್ಯಾಯವನ್ನು ಬದಿಗೊತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಹೇಳಿತು. ಟಿವಿ ಕಂಪನಿಗೆ ಸಿಕ್ಕ ಈ ರಕ್ಷಣೆ, ಅಕ್ಕ ಕೆನಡಾದಲ್ಲಿದ್ದಾಳೆ ಎಂದು ಪ್ರಾಮಾಣಿಕವಾಗಿ ಬರೆದ ಎಂಜಿನಿಯರ್ ಹುಡುಗಿಗೂ ಸಿಗಬೇಕು. ಆಕ್ಷೇಪವಿದ್ದರೆ ಬರೆದು ಕೊಡಲಿ, ಉತ್ತರ ಹೇಳಲು ದಿನ ಗೊತ್ತುಪಡಿಸಲಿ, ತೀರ್ಮಾನಕ್ಕೂ ಒಂದು ಗಡುವಿರಲಿ.