ಸೂಜಿಮದ್ದಿನ ಬೆನ್ನು ಹತ್ತುವ ಮೊದಲು

2021ರ ಏಪ್ರಿಲ್ ಮತ್ತು ಮೇ ತಿಂಗಳನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕುಟುಂಬಗಳು ಸುಲಭದಲ್ಲಿ ಮರೆಯಲಾರವು. ಮನೆಯ ಹಿರಿಯರು ಆಸ್ಪತ್ರೆಯಲ್ಲಿ ಉಸಿರಿಗಾಗಿ ಹೆಣಗುತ್ತಿದ್ದರೆ ಹೊರಗಿದ್ದವರ ಬಾಯಲ್ಲಿ ಒಂದೇ ಹೆಸರು: ರೆಮ್‌ಡೆಸಿವಿರ್. ಕೊಲ್ಲಿ ರಾಷ್ಟ್ರಗಳಲ್ಲಿದ್ದ ಮಕ್ಕಳಿಂದ ಹಣ ತರಿಸಿ, ವಾಳೆಯ ಗುರಿಕಾರರಿಂದ ಹಿಡಿದು ಪರಿಚಯದ ಔಷಧ ವ್ಯಾಪಾರಿಯವರೆಗೆ ಎಲ್ಲರನ್ನೂ ಬೇಡಿ, ಆ ಪುಟ್ಟ ಬಾಟಲಿಗಾಗಿ ಅಲೆದವರುಂಟು. ಕೊರತೆ ಎಷ್ಟಿತ್ತೆಂದರೆ ಏಪ್ರಿಲ್ 11ರಂದು ಕೇಂದ್ರ ಸರಕಾರ ಅದರ ರಫ್ತನ್ನೇ ನಿಷೇಧಿಸಬೇಕಾಯಿತು.

ಆ ಅಲೆದಾಟದ ಹಿಂದಿದ್ದ ಮಮತೆಯನ್ನು ಯಾರೂ ಹಳಿಯಲಾರರು. ಆದರೆ ರೋಗಿಗೆ ಯಾವ ಔಷಧ ಬೇಕೆಂಬುದನ್ನು ಮನೆಯವರೇ ನಿರ್ಧರಿಸಿ, ವೈದ್ಯರನ್ನು ಅದಕ್ಕೆ ಒಪ್ಪಿಸಲು ಹೊರಡುವ ರೂಢಿ ಆಗ ಬಲವಾಯಿತು. ಇಂದಿಗೂ ಅದು ಪೂರ್ತಿ ಅಳಿದಿಲ್ಲ. ನಮ್ಮ ತಕರಾರು ಈ ರೂಢಿಯೊಂದಿಗೆ.

ಅದೇ ಏಪ್ರಿಲ್‌ನಲ್ಲಿ ಹೊರಬಂದ ಸರಕಾರಿ ಮಾರ್ಗಸೂಚಿಯನ್ನು ಎಷ್ಟು ಮಂದಿ ಓದಿದ್ದರು? ಆಮ್ಲಜನಕದ ನೆರವು ಬೇಕಾದ ರೋಗಿಗೆ ಮಾತ್ರ, ಅದೂ ರೋಗಲಕ್ಷಣ ಕಾಣಿಸಿದ ಹತ್ತು ದಿನಗಳೊಳಗೆ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ ನೋಡಿಕೊಂಡು ಈ ಔಷಧವನ್ನು ಪರಿಗಣಿಸಬಹುದು ಎಂದು ಅದರಲ್ಲಿತ್ತು. ಮೊದಲ ದಿನ 200 ಮಿಲಿಗ್ರಾಂ, ಮುಂದಿನ ನಾಲ್ಕು ದಿನ 100ರಂತೆ. ಮನೆಯಲ್ಲಿ ಕೊಡಲೇಬಾರದೆಂದೂ ಸ್ಪಷ್ಟವಾಗಿ ಬರೆದಿತ್ತು. ಅಮೆರಿಕದ ಸರಕಾರ ನಡೆಸಿದ ದೊಡ್ಡ ಅಧ್ಯಯನದಲ್ಲಿ ಈ ಔಷಧ ಚೇತರಿಕೆಯ ಅವಧಿಯನ್ನು 15 ದಿನಗಳಿಂದ 10ಕ್ಕೆ ಇಳಿಸಿತ್ತು. ಸಾವನ್ನು ತಡೆಯುತ್ತದೆಂಬುದು ಅಲ್ಲಿ ಖಚಿತವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ ಇದು ಬೇಡವೆಂದಿತು. 2022ರಲ್ಲಿ ಹೊಸ ಪುರಾವೆಗಳನ್ನು ನೋಡಿ ಕೆಲವು ಬಗೆಯ ರೋಗಿಗಳಿಗೆ ಆಗಬಹುದೆಂದು ತನ್ನ ನಿಲುವನ್ನು ಬದಲಿಸಿತು. ಹೀಗೆ ಬಲ್ಲವರೇ ಅಳೆದು ತೂಗುತ್ತಿದ್ದ ಔಷಧವನ್ನು ನಾವು ಸಂಜೀವಿನಿಯೆಂದು ನಂಬಿದೆವು.

ನಂಬಿಕೆಯಿದ್ದಲ್ಲಿ ವಂಚಕರಿಗೆ ಸುಗ್ಗಿ. ಬಳಸಿ ಎಸೆದ ಬಾಟಲಿಗಳಿಗೆ ಸಲೈನ್ ಮತ್ತು ಬೇರೊಂದು ಔಷಧ ತುಂಬಿ ರೆಮ್‌ಡೆಸಿವಿರ್ ಎಂದು ಮಾರುತ್ತಿದ್ದ ಜಾಲವೊಂದನ್ನು ಮೈಸೂರಿನ ಪೊಲೀಸರು ಆ ತಿಂಗಳಲ್ಲೇ ಭೇದಿಸಿದರು. ಆಸ್ಪತ್ರೆಯ ಔಷಧಾಲಯದಿಂದ ಬಾರದ, ಬಿಲ್ಲಿಲ್ಲದ, ಯಾರದೋ ಕೈಯಿಂದ ಕೈಗೆ ದಾಟಿ ಬಂದ ಬಾಟಲಿಯನ್ನು ಸ್ವಂತ ತಂದೆಯ ರಕ್ತನಾಳಕ್ಕೆ ಸೇರಿಸಿರೆಂದು ಒತ್ತಾಯಿಸುವುದು ಎಂತಹ ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ರಕ್ತನಾಳದ ಮೂಲಕ ಕೊಡುವ ವೈರಾಣು ನಿರೋಧಕಗಳನ್ನೆಲ್ಲ ಸಂಶಯದಿಂದ ನೋಡುವುದೂ ತಪ್ಪು. ಏಸಿಕ್ಲೋವಿರ್ ಎಂಬ ಹಳೆಯ ಔಷಧವನ್ನೇ ನೋಡಿ. ಇದಕ್ಕೆ ದಾರಿ ಮಾಡಿಕೊಟ್ಟ ವಿಜ್ಞಾನಿಗಳಲ್ಲಿ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆ ಪ್ರಮುಖರು. 1988ರ ನೊಬೆಲ್ ಪುರಸ್ಕಾರದಲ್ಲಿ ಅವರಿಗೂ ಪಾಲು ದೊರೆಯಿತು. ಹರ್ಪಿಸ್ ವೈರಾಣು ಮೆದುಳಿಗೆ ತಗುಲಿದಾಗ, ಚಿಕಿತ್ಸೆಯಿಲ್ಲದಿದ್ದರೆ ಹತ್ತರಲ್ಲಿ ಏಳು ಮಂದಿ ಸಾಯುತ್ತಾರೆ. ಬೇಗ ಆರಂಭಿಸಿದರೆ ಬಹುಪಾಲು ಮಂದಿಯನ್ನು ಈ ಔಷಧ ಉಳಿಸುತ್ತದೆ. ಜ್ವರದೊಂದಿಗೆ ಅಸಂಬದ್ಧ ಮಾತು, ಹೊಸದಾಗಿ ಬಂದ ಫಿಟ್ಸ್, ಮನೆಯವರನ್ನೇ ಗುರುತಿಸದಿರುವುದು – ಇವು ಕಂಡಾಗ ದೃಷ್ಟಿ ತಗುಲಿದೆಯೆಂದೋ ಸೋಂಕಾಗಿದೆಯೆಂದೋ ಎರಡು ದಿನ ಕಳೆಯುವವರು ನಮ್ಮಲ್ಲಿಯೂ ಇದ್ದಾರೆ. ಪ್ರಾರ್ಥನೆಯನ್ನು ವಾಹನದಲ್ಲಿ ಕುಳಿತೂ ಮಾಡಬಹುದು.

ಜೀವ ಉಳಿಸುವ ಈ ಔಷಧವೂ ಅಜಾಗ್ರತೆಯನ್ನು ಕ್ಷಮಿಸದು. ಇದನ್ನು ಒಂದೇ ಉಸಿರಿಗೆ ಚುಚ್ಚುವಂತಿಲ್ಲ. ಕನಿಷ್ಠ ಒಂದು ಗಂಟೆ ಕಾಲ ನಿಧಾನವಾಗಿ ಹರಿಸಬೇಕು. ಅವಸರಪಟ್ಟರೆ ಔಷಧ ಮೂತ್ರಪಿಂಡದಲ್ಲಿ ಹರಳುಗಟ್ಟಿ ಅದನ್ನು ಕೆಡಿಸುತ್ತದೆ. ದೇಹದಲ್ಲಿ ನೀರಿನಂಶ ಸಾಕಷ್ಟಿರಬೇಕು. ಸೂಜಿಯ ಜಾಗದಲ್ಲಿ ಉರಿ, ಊತ ಕಂಡರೆ ಕೂಡಲೇ ದಾದಿಯನ್ನು ಕರೆಯಬೇಕು, ಏಕೆಂದರೆ ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಡುವಂತಾಗುತ್ತದೆ. ಡ್ರಿಪ್ ಬೇಗ ಮುಗಿಯಲೆಂದು ಅದರ ಚಕ್ರವನ್ನು ತಿರುಗಿಸುವ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮೆದುಳಿನ ಸೋಂಕಿಗೆ 14ರಿಂದ 21 ದಿನಗಳ ಚಿಕಿತ್ಸೆ ಬೇಕು. ಐದನೆಯ ದಿನ ರೋಗಿ ಎದ್ದು ಗಂಜಿ ಕುಡಿದನೆಂದು ಬಿಡುಗಡೆ ಕೇಳಬಾರದು.

ಹಾಗಾದರೆ ಕುಟುಂಬದ ಪಾತ್ರವೇನು? ಔಷಧ ಹುಡುಕುವುದಲ್ಲ, ನಿಜ ಹೇಳುವುದು. ಜ್ವರ ಯಾವ ದಿನ ಶುರುವಾಯಿತು, ಮಧುಮೇಹವಿದೆಯೇ, ಮೂತ್ರಪಿಂಡದ ತೊಂದರೆ ಹಿಂದೆ ಇತ್ತೇ, ಯಕೃತ್ತು ಹೇಗಿದೆ – ಮದ್ಯಪಾನದ ವಿಷಯವನ್ನು ಮರ್ಯಾದೆಗೆ ಅಂಜಿ ಮುಚ್ಚಿಡುವುದು ನಮ್ಮಲ್ಲಿ ಸಾಮಾನ್ಯ – ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಯಾವುದು, ಮಗಳು ಗರ್ಭಿಣಿಯೇ. ವೈದ್ಯರು ಔಷಧದ ಪ್ರಮಾಣ ನಿರ್ಧರಿಸುವುದು ಈ ಉತ್ತರಗಳ ಮೇಲೆ. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಏಸಿಕ್ಲೋವಿರ್ ಪ್ರಮಾಣ ತಗ್ಗಿಸದಿದ್ದರೆ ಔಷಧದಿಂದಲೇ ಭ್ರಮೆ ಬರಬಹುದು; ಆಗ ರೋಗ ಯಾವುದು, ಮದ್ದಿನ ದೋಷ ಯಾವುದು ಎಂದು ತಿಳಿಯುವುದೇ ಕಷ್ಟ.

ಇನ್ನು ವೈರಾಣು ಜ್ವರಗಳಿಗೆಲ್ಲ ಇಂತಹ ಸೂಜಿಮದ್ದು ಇದೆಯೆಂದೂ ತಿಳಿಯಬಾರದು. ನಮ್ಮ ತಾಲೂಕುಗಳಲ್ಲಿ ಮಳೆಗಾಲದ ಸಂಗಾತಿಯಾಗಿರುವ ಡೆಂಗಿಗೆ ಇಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆ ಭಾಗವನ್ನು ನಡುಗಿಸಿದ ಮಂಗನ ಕಾಯಿಲೆಗೂ ಇಲ್ಲ. ಇಲಿಜ್ವರವಂತೂ ವೈರಾಣುವಿನದೇ ಅಲ್ಲ.

ಕೊನೆಯದಾಗಿ, ನಮ್ಮ ಸಮುದಾಯದ ಹೆಣ್ಣುಮಕ್ಕಳಲ್ಲಿ ದಾದಿಯರಾಗಿ ದುಡಿಯುವವರು ಬಹಳ. ರಜೆಯಲ್ಲಿ ಮನೆಗೆ ಬಂದವಳನ್ನು "ಬಾಯಿ, ಅಜ್ಜನಿಗೆ ಇಲ್ಲಿಯೇ ಒಂದು ಡ್ರಿಪ್ ಹಾಕಿಬಿಡು" ಎಂದು ಕೇಳುವ ಬಂಧುಗಳಿಗೆ ಆಕೆ ಆಗದೆಂದರೆ ಅದನ್ನು ಜಂಬವೆನ್ನಬಾರದು. ರೆಮ್‌ಡೆಸಿವಿರ್ ಕೊಟ್ಟು ಮುಗಿಸಿದ ನಂತರವೂ ರೋಗಿಯನ್ನು ಕನಿಷ್ಠ ಒಂದು ಗಂಟೆ ಕಣ್ಣಿಟ್ಟು ನೋಡಬೇಕು. ರಕ್ತದೊತ್ತಡ ಕುಸಿಯಬಹುದು, ಹೃದಯದ ಬಡಿತ ನಿಧಾನವಾಗಬಹುದು, ಉಸಿರು ಕಟ್ಟಬಹುದು. ಹಾಗಾದಾಗ ಬೇಕಾಗುವ ಸಲಕರಣೆ ಆಕೆಯ ಚೀಲದಲ್ಲಿರುವುದಿಲ್ಲ, ಬೆಳ್ತಂಗಡಿಯ ತೋಟದ ಮನೆಯಿಂದ ಮಂಗಳೂರು ಸುಮಾರು 60 ಕಿಲೋಮೀಟರ್ ದೂರವಿದೆ.