ಪಂಜರ ಸವಾರನಿಗೆ, ಗುಡ್ಡಕ್ಕೆ ಯಾರು?

ಮಲೆನಾಡಿನ ಪೇಟೆಗಳ ವರ್ಕ್‌ಶಾಪುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಕಸುಬು ಕುದುರಿಕೊಂಡಿದೆ. ಹುಡ್ ಬಿಚ್ಚಿದ ಜೀಪುಗಳ ಮೈಮೇಲೆ ಕೊಳವೆಗಳನ್ನು ಬಾಗಿಸಿ, ಬೆಸೆದು, ಕಪ್ಪು ಬಣ್ಣ ಬಳಿದು ಪಂಜರ ಕಟ್ಟುವ ಕಸುಬು ಅದು. ಅದರ ಹೆಸರು ರೋಲ್ ಕೇಜ್. ವಾಹನ ಮಗುಚಿದಾಗ ಒಳಗೆ ಕುಳಿತವರು ನೆಲಕ್ಕೂ ವಾಹನಕ್ಕೂ ನಡುವೆ ಸಿಕ್ಕಿ ಜಜ್ಜಿಹೋಗದಂತೆ ಕಾಯುವುದು ಅದರ ಕೆಲಸ. ಈ ಪಂಜರ ಬೇಕೇ ಬೇಡವೇ ಎಂಬುದು ಇಲ್ಲಿ ವಿವಾದವಲ್ಲ. ಮನುಷ್ಯನ ಜೀವ ಉಳಿಸುವ ಸಾಧನವನ್ನು ಬೇಡವೆನ್ನುವುದು ಪರಿಸರ ಪ್ರಜ್ಞೆಯಲ್ಲ. ಆದರೆ ಪಂಜರದ ಹೆಸರಿನಲ್ಲಿ ನಿಜವಾಗಿ ಮಾರಾಟವಾಗುತ್ತಿರುವುದೇನು? ಅದನ್ನು ಕಟ್ಟಿಸಿದವನು ತನಗೆ ಯಾವ ಹೊಸ ಹಕ್ಕು ದಕ್ಕಿತೆಂದು ಭಾವಿಸುತ್ತಿದ್ದಾನೆ? ಈ ಎರಡು ಪ್ರಶ್ನೆಗಳನ್ನು ಗುಡ್ಡದ ಜನ ಕೇಳಲೇಬೇಕಾದ ಕಾಲ ಬಂದಿದೆ.

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಅಗತ್ಯಕ್ಕಾಗಿ. ಕಿರಿದಾದ ಮೈ, ನೆಲದಿಂದ ಎತ್ತರದ ನಿಲುವು, ಮಡಚಬಲ್ಲ ಗಾಜು, ಬಟ್ಟೆಯ ಮಾಡು. ಏರಿಳಿತದ ನೆಲದಲ್ಲಿ ಸಾಗಲು ಈ ಗುಣಗಳೇ ನೆರವಾದವು. ಸುಲಭವಾಗಿ ಮಗುಚಲು ಕಾರಣವಾದದ್ದೂ ಇವೇ. ಆ ಕಾಲದ ಜೀಪಿನಲ್ಲಿ ಸವಾರನ ತಲೆ ಕಾಯುವ ಒಂದು ಕಂಬಿಯೂ ಇರಲಿಲ್ಲ. ಉರುಳುವ ವಾಹನದಿಂದ ಮನುಷ್ಯನನ್ನು ಕಾಯಬೇಕೆಂಬ ವಿಚಾರ ಕಾನೂನಿನ ರೂಪ ಪಡೆದದ್ದು ಮೋಜಿನ ಸವಾರರಿಗಾಗಿ ಅಲ್ಲ, ರೈತರಿಗಾಗಿ. ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆ ಇಂಥ ರಕ್ಷಣಾ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಟ್ರಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ಮಲೆನಾಡಿನ ಇಳಿಜಾರು ಗದ್ದೆಗಳಲ್ಲಿ ಉಳುವ ಎಷ್ಟು ಟ್ರಾಕ್ಟರುಗಳ ಮೇಲೆ ಅಂಥ ಚೌಕಟ್ಟು ಕಾಣುತ್ತದೆ? ದುಡಿಯುವವನಿಗಾಗಿ ಬಂದ ರಕ್ಷಣೆ ದುಡಿಯುವವನನ್ನು ತಲುಪುವ ಮೊದಲೇ ವಾರಾಂತ್ಯದ ವಿಹಾರಿಯ ಒಡವೆಯಾಗಿರುವುದು ವಿಪರ್ಯಾಸವಲ್ಲದೆ ಮತ್ತೇನು?

ಒಡವೆ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಮೋಟಾರು ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ, ಸ್ಪರ್ಧೆಯ ವಾಹನಗಳ ಪಂಜರ ಹೇಗಿರಬೇಕೆಂದು ವಿವರವಾದ ನಿಯಮ ರೂಪಿಸಿದೆ. ಸವಾರನ ಬೆನ್ನ ಹಿಂದೆ ನಿಲ್ಲುವ ಮುಖ್ಯ ಕಮಾನಿನ ಕೊಳವೆ ಕನಿಷ್ಠ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪದ್ದಾಗಿರಬೇಕು, ಇಲ್ಲವೇ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ್ದಾಗಿರಬೇಕು. ಅದು ಉದ್ದಕ್ಕೂ ಬೆಸುಗೆಯ ಗೆರೆಯಿಲ್ಲದ ಕೊಳವೆಯೇ ಆಗಿರಬೇಕು. ಬಾಗಿಸಿದಲ್ಲಿ ಕೊಳವೆ ಚಪ್ಪಟೆಯಾಗಬಾರದು. ಒಂದೊಂದು ಕಾಲೂ ಉಕ್ಕಿನ ಹಲಗೆಯ ಮೇಲೆ ನಿಂತು, ಬಲವಾದ ಬೋಲ್ಟುಗಳಿಂದ ಭದ್ರವಾಗಿರಬೇಕು. ವಾಹನದ ಮೈಯ ಮೇಲೆ ಕೂರುವ ಬಲವರ್ಧಕ ಹಲಗೆ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತಾರವಿರಬೇಕು. ಕಮಾನು ಹಿಂದುಮುಂದಾಗದಂತೆ ಹಿಂಬದಿಯ ಆಸರೆಗಳು, ಪಕ್ಕಕ್ಕೆ ಮುರಿದು ಮಲಗದಂತೆ ಓರೆಯ ಅಡ್ಡಕೊಳವೆ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಚೌಕಟ್ಟು ಭಾರ ಬಿದ್ದಾಗ ಕುಸಿಯಬಹುದು.

ಈಗ ಪೇಟೆಯ ಪಂಜರಗಳನ್ನು ಗಮನಿಸಬೇಕು. ನೀರಿನ ನಲ್ಲಿಗೆ ಬಳಸುವ ಜಿಐ ಪೈಪಿನಲ್ಲಿಯೇ ಕಟ್ಟಿದವುಗಳಿಗೆ ಕೊರತೆಯಿಲ್ಲ. ಓರೆಯ ಕೊಳವೆ ಇದ್ದರೆ ಹಿಂದಿನ ಸೀಟಿಗೆ ಹತ್ತಲು ಅಡ್ಡಿಯೆಂದು ಅದನ್ನೇ ಕೈಬಿಟ್ಟವು ಹಲವು. ಕಾಲುಗಳನ್ನು ನೇರವಾಗಿ ತೆಳುವಾದ ನೆಲದ ತಗಡಿಗೆ ಬೆಸೆದಿರುತ್ತಾರೆ. ಜೀಪು ಮಗುಚಿ ಅದರ ತೂಕವೆಲ್ಲ ಆ ಕಾಲುಗಳ ಮೇಲೆ ಬಿದ್ದಾಗ, ಕಾಲು ತಗಡನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತದೆ. ಪಂಜರ ಸವಾರನ ಮೇಲೆಯೇ ಕುಳಿತುಕೊಳ್ಳುತ್ತದೆ. ಹೊರಗಿನಿಂದ ನೋಡಿದವನಿಗೆ ಅಸಲಿಗೂ ನಕಲಿಗೂ ವ್ಯತ್ಯಾಸ ತಿಳಿಯದು. ಬಣ್ಣ ಒಂದೇ, ಹೊಳಪು ಒಂದೇ. ರಕ್ಷಣೆಯೇ ಇಲ್ಲವೆಂದು ತಿಳಿದವನು ಎಚ್ಚರದಿಂದಾದರೂ ಓಡಿಸುತ್ತಾನೆ; ರಕ್ಷಣೆ ಇದೆಯೆಂದು ನಂಬಿಸಲ್ಪಟ್ಟವನು ಆ ಎಚ್ಚರವನ್ನೂ ಕಳೆದುಕೊಳ್ಳುತ್ತಾನೆ.

ಸರಿಯಾಗಿ ಕಟ್ಟಿದ ಪಂಜರಕ್ಕೂ ಮಿತಿಯಿದೆ. 45 ಮಿ.ಮೀ. ಕೊಳವೆ ಮೀಟರಿಗೆ ಸುಮಾರು 2.6 ಕಿಲೋ ತೂಗುತ್ತದೆ. ಇಪ್ಪತ್ತು ಮೀಟರ್ ಬಳಸಿದರೆ 50 ಕಿಲೋಗೂ ಹೆಚ್ಚಿನ ಹೊರೆ, ಅದೂ ಬಹುಪಾಲು ಸೊಂಟದಿಂದ ಮೇಲೆ. ವಾಹನ ಪಕ್ಕಕ್ಕೆ ಮಗುಚದಂತೆ ತಡೆಯುವುದು ಗಾಲಿಗಳ ನಡುವಿನ ಅಗಲ. ಮಗುಚಲು ನೆರವಾಗುವುದು ಭಾರದ ಕೇಂದ್ರದ ಎತ್ತರ. ಮೇಲೆ ಕಬ್ಬಿಣ ಹೇರಿದಷ್ಟೂ ಆ ಕೇಂದ್ರ ಮೇಲೇರುತ್ತದೆ. ಅದರ ಮೇಲೆ ಲಗೇಜು ಕ್ಯಾರಿಯರ್, ದೀಪಗಳ ಸಾಲು, ಎತ್ತರಿಸಿದ ಪಟ್ಟೆ, ದೊಡ್ಡ ಟೈರು ಸೇರಿದರೆ, ಮಗುಚಿದಾಗ ಕಾಯಲೆಂದು ಶುರುವಾದ ಕೆಲಸ ಮಗುಚುವಿಕೆಗೇ ದಾರಿಯಾಗುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ: ಸೀಟ್ ಬೆಲ್ಟ್ ಇಲ್ಲದ ಪಂಜರ ಅರ್ಥಹೀನ. ಬೆಲ್ಟಿಲ್ಲದ ಸವಾರ ಪಂಜರದಿಂದ ಹೊರಗೆ ಚಿಮ್ಮಿ ಅದರಡಿಯಲ್ಲೇ ಸಿಲುಕಬಹುದು, ಅಥವಾ ಒಳಗೇ ಎಗರಿ ಉಕ್ಕಿನ ಕೊಳವೆಗೆ ತಲೆ ಒಡೆದುಕೊಳ್ಳಬಹುದು. ಸ್ಪರ್ಧೆಗಳಲ್ಲಿ ಹೆಲ್ಮೆಟ್ಟನ್ನೂ ಕೊಳವೆಗಳಿಗೆ ಮೆತ್ತೆಯನ್ನೂ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ. ಬರಿದಲೆಯ ಪ್ರಯಾಣಿಕನಿಗೆ ಮೆತ್ತೆಯಿಲ್ಲದ ಕೊಳವೆ ಕಾವಲುಗಾರನಲ್ಲ, ದೊಣ್ಣೆ.

ಹಾಗಾದರೆ ಪಂಜರ ನಿಜವಾಗಿ ಯಾರಿಗೆ ಬೇಕು? ಕೊಡಚಾದ್ರಿಯ ಕಚ್ಚಾ ದಾರಿಯಲ್ಲಿ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಏರುವ ದಾರಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಹೊಟ್ಟೆ ಹೊರೆಯುವ ಜೀಪು ಚಾಲಕರಿಗೆ ಬೇಕು. ಬಸ್ಸು ಬಾರದ ಹಳ್ಳಿಗಳಿಂದ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಜೀಪಿನ ಹಿಂಬದಿಯ ಅಡ್ಡ ಬೆಂಚಿನಲ್ಲಿ ಇಕ್ಕಟ್ಟಾಗಿ ಕುಳಿತು ಬರುವವರಿಗೆ ಬೇಕು. ತೋಟದ ಕೆಲಸಕ್ಕೆ ಬೆಳಗ್ಗೆ ತುಂಬಿಕೊಂಡು ಹೋಗಲ್ಪಡುವ ಆಳುಗಳಿಗೆ ಬೇಕು. ಅವರ ಜೀಪುಗಳಲ್ಲಿ ಇರುವುದು ಬಟ್ಟೆಯ ಮಾಡು ಮತ್ತು ಅದನ್ನು ಎತ್ತಿ ಹಿಡಿಯುವ ತೆಳು ಕಂಬಿಗಳು. ಬೆಲ್ಟಂತೂ ಇಲ್ಲ. ಪಂಜರದ ಸುರಕ್ಷತೆಯ ಬಗ್ಗೆ ಉದ್ದುದ್ದ ಮಾತನಾಡುವವರಾರೂ ಈ ಹಿಂಬದಿಯ ಬೆಂಚಿನ ಬಗ್ಗೆ ಮಾತನಾಡುವುದಿಲ್ಲ.

ಕಾನೂನೂ ಈ ವಿಷಯದಲ್ಲಿ ಅರ್ಧ ಕಣ್ಣು ಮುಚ್ಚಿದೆ. ತಯಾರಕರ ಮೂಲ ವಿವರಣೆಗೂ ನೋಂದಣಿ ಪತ್ರದ ವಿವರಗಳಿಗೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಕಾನೂನಿನ ಉದ್ದೇಶ ಸರಿಯಾದದ್ದೇ. ಆದರೆ ಅದರ ಭಯ ತಟ್ಟುವುದು ಬಾಡಿಗೆಗೆ ಓಡಿಸುವ ಬಡ ಚಾಲಕನಿಗೆ. ಕಾಲಕಾಲಕ್ಕೆ ಪರೀಕ್ಷೆಗೆ ನಿಲ್ಲಬೇಕಾದದ್ದು ಅವನ ಜೀಪು. ವಾರಾಂತ್ಯದಲ್ಲಿ ಸಾಲುಗಟ್ಟಿ ಘಟ್ಟ ಏರುವ ಅಲಂಕೃತ ವಾಹನಗಳನ್ನು ತಡೆದು, ಆ ಕೊಳವೆ ಯಾವುದು, ಆ ಬೆಸುಗೆ ಯಾರದು ಎಂದು ಕೇಳುವವರು ವಿರಳ.

ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದುದು. ರಸ್ತೆಯಲ್ಲೇ ಸಾಗುವ ಜೀಪಿಗೆ ಪಂಜರ ಆಪತ್ಕಾಲದ ಆಸರೆ. ರಸ್ತೆ ಬಿಟ್ಟು ಹುಲ್ಲುಗಾವಲಿಗೆ, ಹಳ್ಳಕ್ಕೆ, ಕಡಿದಾದ ಬೋರೆಗೆ ಇಳಿಯುವವನಿಗೆ ಅದು ಧೈರ್ಯದ ಪರವಾನಗಿ. ‘ಪಂಜರವಿದೆ, ಬೆಲ್ಟಿದೆ, ಅಪಾಯವಿಲ್ಲ’ ಎಂಬುದು ಅಂಥ ಕೂಟಗಳ ಸಿದ್ಧ ಉತ್ತರ. ಅಪಾಯವಿಲ್ಲದಿರುವುದು ಯಾರಿಗೆ? ಘಟ್ಟದ ನೆತ್ತಿಯ ಹುಲ್ಲುಗಾವಲು ಕಲ್ಲಿನ ಮೇಲೆ ಹಾಸಿದ ತೆಳು ಮಣ್ಣಿನ ಹೊದಿಕೆ. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಆಳವಾದ ಗೀರುಗಳ ಟೈರು ಅದೇ ಜಾಗದಲ್ಲಿ ಮತ್ತೆ ಮತ್ತೆ ತಿರುಗಿದರೆ ಬೇರು ಹರಿಯುತ್ತದೆ, ಮಣ್ಣು ಬಿಗಿದುಕೊಂಡು ನೀರು ಇಂಗದಾಗುತ್ತದೆ. ಮುಂಗಾರಿನ ನೀರು ಗಾಲಿಯ ಗುರುತನ್ನೇ ಕಾಲುವೆ ಮಾಡಿಕೊಳ್ಳುತ್ತದೆ, ಕಾಲುವೆ ಕೊರಕಲಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳಿ, ಬೀಜ ಉದುರಿಸಿ ಸಾಯುವ ನೀಲಕುರಿಂಜಿಯ ಎಳೆಯ ಗಿಡಗಳು ಅರಿಯದ ಗಾಲಿಯಡಿ ಸಿಕ್ಕರೆ ಮುಂದಿನ ಹೂವಿನ ವರ್ಷಕ್ಕೆ ಅಲ್ಲಿ ಅರಳಲು ಏನೂ ಉಳಿದಿರುವುದಿಲ್ಲ. ಹಳ್ಳದಲ್ಲಿ ಗಾಲಿ ಎಬ್ಬಿಸಿದ ಕೆಸರು ಕೆಳಗಿನ ಊರಿನ ಕುಡಿಯುವ ನೀರಿಗೆ ಬಂದು ಸೇರುತ್ತದೆ.

‘ನಮ್ಮ ಸ್ವಂತ ತೋಟದೊಳಗೆ ಓಡಿಸಿದರೆ ಕೇಳುವವರು ಯಾರು’ ಎಂದು ಕೆಲವರು ವಾದಿಸುತ್ತಾರೆ. ತೋಟದ ಬೇಲಿ ನೀರಿಗೆ ಗೊತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡ ಜಾರಿದಾಗ ಮಣ್ಣು ಯಾರ ಪಹಣಿಯನ್ನೂ ನೋಡಿ ಇಳಿಯಲಿಲ್ಲ. ಆ ಕುಸಿತಕ್ಕೆ ಜೀಪುಗಳೇ ಕಾರಣವೆಂದು ಹೇಳುವುದು ಅಪ್ರಾಮಾಣಿಕ; ಅತಿವೃಷ್ಟಿಯೂ, ಇಳಿಜಾರನ್ನು ಕಡಿದು ಮಾಡಿದ ಕಾಮಗಾರಿಗಳೂ ಅಲ್ಲಿ ಪಾತ್ರ ವಹಿಸಿದ್ದವು. ಆದರೆ ಒಮ್ಮೆ ಜಾರಿದ ನಾಡಿನಲ್ಲಿ ಇಳಿಜಾರನ್ನು ಮೋಜಿಗಾಗಿ ಗೀರುವುದು ಯಾವ ವಿವೇಕ?

ಆದುದರಿಂದ ಬೇಡಿಕೆ ಸ್ಪಷ್ಟವಾಗಿರಬೇಕು. ಬಾಡಿಗೆ ಜೀಪುಗಳಿಗೆ ಹೊಂದುವ ಪಂಜರದ ನಮೂನೆಯೊಂದನ್ನು ಸಾರಿಗೆ ಇಲಾಖೆ ಪರೀಕ್ಷಿಸಿ ಅನುಮೋದಿಸಲಿ. ಅದನ್ನು ಅಳವಡಿಸಲು ಚಾಲಕರಿಗೆ ಸಹಾಯಧನ ದೊರೆಯಲಿ. ಬೆಲ್ಟುಗಳ ಸಂಖ್ಯೆಗಿಂತ ಒಬ್ಬನೂ ಹೆಚ್ಚು ಪ್ರಯಾಣಿಕ ಹತ್ತದಿರಲಿ. ತೋರಿಕೆಯ ಪಂಜರ ಕಟ್ಟುವವನೂ ಕಟ್ಟಿಸಿಕೊಂಡವನಷ್ಟೇ ಹೊಣೆಗಾರನಾಗಲಿ. ಅಭಯಾರಣ್ಯ, ಹುಲ್ಲುಗಾವಲು, ಹೊಳೆಪಾತ್ರಗಳಲ್ಲಿ ವಾಹನದ ಆಟಕ್ಕೆ ಯಾವ ಷರತ್ತಿನ ಮೇಲೂ ಅನುಮತಿ ಬೇಡ. 1972ರ ವನ್ಯಜೀವಿ ಕಾಯಿದೆ ಅಭಯಾರಣ್ಯದ ಪ್ರವೇಶವನ್ನು ನಿರ್ಬಂಧಿಸುತ್ತದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಪಂಚಾಯಿತಿಗೂ ಒಂದು ನಿರ್ವಹಣಾ ಸಮಿತಿಯನ್ನು ಕೊಟ್ಟಿದೆ. ಆ ಸಮಿತಿ ಕಾಗದದ ಮೇಲಷ್ಟೇ ಇರುವ ಊರುಗಳಲ್ಲಿ ಗ್ರಾಮಸಭೆ ಅದನ್ನು ಎಬ್ಬಿಸಬೇಕು. ವಿದ್ಯಾರ್ಥಿಗಳು ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಮತ್ತೊಮ್ಮೆ ತಮ್ಮ ಗುಡ್ಡದ ಗಾಲಿಗುರುತುಗಳ ಅಗಲ, ಆಳಗಳನ್ನು ಅಳೆದು, ಚಿತ್ರ ತೆಗೆದು, ದಿನಾಂಕ ಬರೆದಿಡಬೇಕು. ಅಧಿಕಾರಿಗಳ ಮುಂದೆ ಕೂಗಿಗಿಂತ ಅಳತೆಯ ಪಟ್ಟಿಗೆ ಬೆಲೆ ಹೆಚ್ಚು.

ಜೀಪು ಮಗುಚಿದರೆ ಎತ್ತಿ ನಿಲ್ಲಿಸಬಹುದು. ಮುರಿದ ಪಂಜರವನ್ನು ಮತ್ತೆ ಬೆಸೆಯಬಹುದು. ಹರಿದುಹೋದ ಹುಲ್ಲುಹಾಸನ್ನು ಬೆಸೆಯುವ ವರ್ಕ್‌ಶಾಪು ಯಾವ ಪೇಟೆಯಲ್ಲಿಯೂ ಇಲ್ಲ.